ಗೊಣಗುವವರು ಬೇಕಾಗಿದ್ದಾರೆ

ಅಮ್ಮನ ಬೆಡ್‌ಶೀಟು ಒಂದು, ಅಪ್ಪನ ಮಫ್ಲರು ಒಂದು, ಅರ್ಧ ಬಾಟಲಿ ಗೋಂದು, ಮೂರು ದಿನದ ಹೋಮ್‌ವರ್ಕು. ದೇವರು ಆರಿಸಿಕೊಂಡ ಜನರಲ್ಲಿ ಒಬ್ಬಳಾಗಲು ಚೂಟಿಗೆ ತಗುಲಿದ ಖರ್ಚು ಇಷ್ಟು.

“ಹಾಸೋ ಬೆಡ್‌ಶೀಟಿಗೆ ಇಷ್ಟು ದೊಡ್ಡ ತೂತು ಮಾಡಿದೀಯಲ್ಲೇ,” ಅಂದಳು ಅಮ್ಮ. ಅವಳು ತಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಅದು ತೂತಲ್ಲಮ್ಮ, ಕುತ್ತಿಗೆ. ಚರ್ಚಿನ ಸಂಡೇ ಸ್ಕೂಲ್ ನಾಟಕಕ್ಕೆ ಟೈಲರ್ ಮಾಮ ನನ್ನನ್ನ ಆರಿಸಿದಾರೆ. ನಾವು ದೇವರು ಆರಿಸ್ಕೊಂಡ ಜನ. ಹನ್ನೆರಡೇ ಮಂದಿ.”

“ನಾನೂ ಆರಿಸ್ತಾನೇ ಇದೀನಿ. ಅಕ್ಕೀಲಿ ನಾನು ಆರಿಸೋದು ಕಲ್ಲನ್ನ.”

ಆ ಮಾತು ಚೂಟಿಯ ಕಿವಿಗೆ ಬೀಳಲಿಲ್ಲ. ದೇವರು ಆರಿಸಿಕೊಂಡವರ ಕಿವಿಗೆ ಇಂಥ ಸಣ್ಣಪುಟ್ಟ ಮಾತು ಬೀಳುವುದಿಲ್ಲ.

ಚೂಟಿಗೆ ಒಬ್ಬ ಗೆಳತಿ ಇದ್ದಳು. ಅವಳ ಊಟದ ಡಬ್ಬಿಗೆ ಎರಡು ಅಂತಸ್ತು. ಕೆಳಗಿನದು ಯಾವಾಗಲೂ ಚೂಟಿಗೆ. ಹಾಗಾಗಿ ಎಲ್ಲರೂ ಅವಳನ್ನು ಡಬ್ಬಿ ಎಂದೇ ಕರೆಯುತ್ತಿದ್ದರು. ಒಂದನೇ ಕ್ಲಾಸಿನಿಂದ ಇಬ್ಬರೂ ಜೋಡಿ. ನಾಟಕದಲ್ಲಿ ಡಬ್ಬಿಗೆ ಸಿಕ್ಕಿದ್ದು ಪರದೆ ಎಳೆಯುವ ಕೆಲಸ.

ಮರುದಿನ ಊಟದ ಬೆಲ್ ಆದಾಗ ಡಬ್ಬಿ ಎಂದಿನಂತೆ ಪಕ್ಕದಲ್ಲಿ ಜಾಗ ಹಿಡಿದಿದ್ದಳು. ಚೂಟಿ ಕೂರಲಿಲ್ಲ.

“ನಾವು ಹನ್ನೆರಡು ಜನ ಒಟ್ಟಿಗೆ ಕೂತ್ಕೋತೀವಿ. ನೀನು ಪರದೆಯವಳಲ್ವಾ?”

“ಪರದೆಯವರು ಜನ ಅಲ್ವಾ?”

“ಜನಾನೇ. ಆರಿಸಿದ ಜನ ಅಲ್ಲ.”

ಡಬ್ಬಿ ಕೆಳಗಿನ ಅಂತಸ್ತನ್ನು ತೆರೆಯದೆ ಹಾಗೇ ಮನೆಗೆ ಒಯ್ದಳು. ವಾರವಿಡೀ ಇಬ್ಬರಿಗೂ ಮಾತಿಲ್ಲ.

ಶನಿವಾರ ಟೈಲರ್ ಮಾಮನ ಅಂಗಡಿಯಲ್ಲಿ ರಿಹರ್ಸಲ್. ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರೂ ಅವರೇ. ಮಾಮ ಕುತ್ತಿಗೆಗೆ ಟೇಪು ಹಾಕಿಕೊಂಡೇ ಮಾತಿನ ಚೀಟಿ ಹಂಚಿದರು. ಮೂಲೆಯಲ್ಲಿ ಪರದೆಯ ಹಗ್ಗ ಹಿಡಿದು ಡಬ್ಬಿ ಕೂತಿದ್ದಳು. ಚೂಟಿ ಅತ್ತ ನೋಡಲಿಲ್ಲ. ಚೀಟಿ ಓದಿದಳು.

“ನೀರಿಲ್ಲ. ರೊಟ್ಟಿ ಇಲ್ಲ. ಕಾಲು ನೋವು. ಗುಲಾಮರಾಗಿದ್ದಾಗಲೇ ಚೆನ್ನಾಗಿತ್ತು.”

ದೇವರು ಗುಲಾಮಗಿರಿಯಿಂದ ಬಿಡಿಸಿ ಮರುಭೂಮಿಯ ದಾರಿಯಲ್ಲಿ ಕರೆದೊಯ್ದ ಜನರ ಬೈಬಲ್ ಕತೆ ಅದು. ಮುಂದೆಯೂ ಹೀಗೇ ಇತ್ತು. ಸಮುದ್ರ ಇಬ್ಭಾಗವಾಗಿ ದಾರಿ ಬಿಟ್ಟಿತು. ಜನ ದಾಟಿ ಗೊಣಗಿದರು. ಆಕಾಶದಿಂದ ಊಟ ಬಿತ್ತು, ತಿಂದು ಗೊಣಗಿದರು. ಕೊನೆಗೆ ಒಂದು ಚಿನ್ನದ ಕರು ಮಾಡಿ, ಇದೇ ನಮ್ಮ ದೇವರು ಎಂದು ಅದರ ಸುತ್ತ ಕುಣಿದರು.

“ಮಾಮ, ನಮಗೆ ಒಂದೂ ಒಳ್ಳೇ ಡೈಲಾಗ್ ಇಲ್ಲ.”

“ಹುಡುಕಿದೆ ಕಣಮ್ಮ. ಸಿಗಲಿಲ್ಲ.”

“ಮತ್ತೆ ನಮ್ಮನ್ನ ಯಾಕೆ ಆರಿಸಿದ್ರಿ?”

“ಗೊಣಗೋದ್ರಲ್ಲಿ ಇಡೀ ಕ್ಲಾಸಿಗೆ ನೀವೇ ಫಸ್ಟು. ಹೇಳ್ಕೊಡೋ ಕಷ್ಟ ಇರಲ್ಲ ಅಂದ್ಕೊಂಡೆ.”

ಹನ್ನೆರಡು ಮಂದಿಯೂ ಒಟ್ಟಿಗೆ ಗೊಣಗಿದರು.

“ನೋಡಿ, ಎಷ್ಟು ಚೆನ್ನಾಗಿ ಬರುತ್ತೆ,” ಅಂದರು ಮಾಮ.

ಚೂಟಿಗೆ ಅಳುವೇ ಬಂತು. “ಹಾಗಾದ್ರೆ ದೇವರು ಇವರನ್ನ ಯಾಕೆ ಆರಿಸ್ಕೊಂಡ? ಒಳ್ಳೇ ಜನ ಸಿಗ್ಲಿಲ್ವಾ?”

ಮಾಮ ಸೂಜಿಗೆ ದಾರ ಪೋಣಿಸಿದರು. “ಒಳ್ಳೇವ್ರು ಅಂತ ಆರಿಸಿದ್ರೆ ಕರು ಮಾಡಿದ ದಿನವೇ ಬಿಟ್ಟುಹೋಗ್ತಿದ್ದ. ಪ್ರೀತಿ ಇತ್ತು, ಮಾತು ಕೊಟ್ಟಿದ್ದ. ಕೋಪ ಮಾಡ್ಕೊಂಡ, ಬೈದ, ಬಿಟ್ಟು ಮಾತ್ರ ಹೋಗಲಿಲ್ಲ. ಎಷ್ಟೋ ಕಾಲ ಆದ್ಮೇಲೆ ಯೇಸು ಹುಟ್ಟಿದ್ದೂ ಅದೇ ಜನರ ಮನೇಲೇ. ಅವರು ಹಾಗೆ, ನಾವು ಬೇರೆ ಅನ್ಕೋಬೇಡ. ನಾನು ಪ್ರೇಯರ್ ಮುಗಿಸಿ ಚರ್ಚ್ ಬಾಗಿಲು ದಾಟೋ ಮುಂಚೇನೇ ಬಿಸಿಲು ಅಂತ ಗೊಣಗೋನು. ದೇವರು ನನ್ನನ್ನೂ ಬಿಟ್ಟಿಲ್ಲ.”

ಮನೆಗೆ ಹೋಗುವಾಗ ಚೂಟಿಗೆ ಡಬ್ಬಿಯನ್ನು ಕೂಗಬೇಕೆನಿಸಿತು. ಕೂಗಿ ಏನು ಹೇಳುವುದು? ಯೋಚಿಸುವಷ್ಟರಲ್ಲಿ ಡಬ್ಬಿ ತಿರುವಿನಲ್ಲಿ ಮರೆಯಾಗಿದ್ದಳು.

ಭಾನುವಾರ ಪರದೆ ಸರಿಯಿತು. ದೇವರು ಆರಿಸಿಕೊಂಡ ಜನ ಮುಂದಿನ ಸಾಲಿಗಾಗಿ ಒಬ್ಬರನ್ನೊಬ್ಬರು ತಳ್ಳಿದರು. ಯಾರೋ ಚೂಟಿಯ ಬೆಡ್‌ಶೀಟು ತುಳಿದರು. ಅವಳು ಬಿದ್ದಳು, ಅವಳ ಮೇಲೆ ಇಬ್ಬರು ಬಿದ್ದರು, ರಟ್ಟಿನ ಕರುವಿನ ತಲೆ ಕಿತ್ತು ಬಂತು. ಇಡೀ ಚರ್ಚು ನಕ್ಕಿತು.

ಚೂಟಿ ಎದ್ದು ನಿಂತಳು. ಬಾಯಿ ತೆರೆದಳು. ಒಂದು ಮಾತೂ ಬರಲಿಲ್ಲ. ಮುಂದಿನ ಬೆಂಚಿನಲ್ಲಿ ಅಮ್ಮ ತಲೆ ತಗ್ಗಿಸಿದಳು.

“ನೀರಿಲ್ಲ,” ಅಂತು ಪರದೆಯ ಹಿಂದಿನಿಂದ ಒಂದು ಪಿಸುದನಿ.

“ನೀರಿಲ್ಲ,” ಅಂದಳು ಚೂಟಿ.

“ರೊಟ್ಟಿ ಇಲ್ಲ.”

“ರೊಟ್ಟಿ ಇಲ್ಲ.”

ಹೀಗೆ ಕೊನೆಯವರೆಗೂ ಡಬ್ಬಿ ಒಂದೊಂದೇ ಮಾತು ಕೊಟ್ಟಳು, ಚೂಟಿ ಒಂದೊಂದೇ ಮಾತು ಹೇಳಿದಳು.

ನಾಟಕ ಮುಗಿದ ಮೇಲೆ ಚೂಟಿ ಪರದೆಯ ಹಿಂದೆ ಹೋದಳು. ಡಬ್ಬಿ ಹಗ್ಗ ಸುತ್ತುತ್ತಿದ್ದಳು.

“ಕೋಪ ಹೋಯ್ತಾ?”

“ಇಲ್ಲ. ತುಂಬಾ ಇದೆ.”

“ಮತ್ತೆ ಯಾಕೆ ಹೇಳ್ಕೊಟ್ಟೆ?”

“ಒಂದನೇ ಕ್ಲಾಸಲ್ಲಿ ಹೇಳಿದ್ನಲ್ಲ, ಏನಾದ್ರೂ ನಿನ್ ಜೊತೇಗೇ ಇರ್ತೀನಿ ಅಂತ.”

“ನಾನೂ ಹೇಳಿದ್ದೆ.”

“ಹೌದು. ನೀನೂ ಹೇಳಿದ್ದೆ.”

ಚೂಟಿ ಹಗ್ಗದ ಇನ್ನೊಂದು ತುದಿ ಎತ್ತಿ ಹಿಡಿದಳು. ಇಬ್ಬರೂ ಒಂದೇ ದಿನ ಕೊಟ್ಟ ಮಾತು ಅದು. ಚೂಟಿಯದು ಮುರಿದುಹೋಗಿತ್ತು. ಡಬ್ಬಿಯದು ಉಳಿದಿತ್ತು.