ತೂಬಿನ ಹಿಡಿ

"ನಿನ್ನನ್ನ ಯಾರು ಕರೆದ್ರು ಇಲ್ಲಿಗೆ?"

ಮೆರಿಯಲ್‌ಳ ದನಿ ಬತ್ತುತ್ತಿದ್ದ ಕೊಳವನ್ನು ದಾಟಿತು. ಕೆಸರಿನಲ್ಲಿ ಮೊಣಕಾಲವರೆಗೆ ಹೂತಿದ್ದ ಸೈಲಸ್ ತಲೆಯೆತ್ತಿದ. ಹೋದ ಚಳಿಗಾಲದವರೆಗೆ ಅವನು ಈ ಗಿರಣಿಮನೆಯ ತೋಟಗಾರ, ಅವಳನ್ನು ಮದುವೆಯಾಗಬೇಕಿದ್ದವನು.

"ಡಾಗೆಟ್ ಕರೆದ. ಆಳು ಸಾಲ್ತಿರ್ಲಿಲ್ಲ."

"ಈ ಕೊಳ ಬಲ್ಲೋನು ಇವನೊಬ್ನೇ, ಮೇಡಂ," ಎಂದ ದಂಡೆಯ ಮೇಲಿದ್ದ ಮೇಸ್ತ್ರಿ ಡಾಗೆಟ್. "ನನ್ನ ಆಳುಗಳು ಇಳಿದ್ರೆ, ಅವ್ರನ್ನ ಹುಡುಕೋಕೆ ಬೇರೆ ಆಳು ಬೇಕಾಗುತ್ತೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಮೆರಿಯಲ್‌ಳ ತಮ್ಮ ಪಿಯರ್ಸ್ ಮುಳುಗಿದ್ದು ಇಲ್ಲೇ. ಅದಕ್ಕೇ ಅವಳು ನೀರು ಬಸಿದು ಕೊಳಕ್ಕೆ ಮಣ್ಣು ತುಂಬಿಸುತ್ತಿದ್ದಳು.

"ಮುಗಿಸಿ ಹೋಗು," ಎಂದಳು ಸೈಲಸ್‌ಗೆ. "ಆ ಬೂಟಲ್ಲಿ ನನ್ನ ಮೆಟ್ಟಿಲು ಹತ್ತಬೇಡ."

ಪಿಯರ್ಸ್ ಮುಳುಗಿದ ಆ ಪ್ರವಾಹದ ಸಂಜೆ ಅವಳು ಲಂಡನ್‌ನಲ್ಲಿದ್ದಳು. ತೂಬಿನ ಬಾಯಲ್ಲಿ ಪಿಯರ್ಸ್ ಕಸ ತೆಗೆಯುತ್ತಿದ್ದಾಗ ಸೈಲಸ್ ನೋಡದೆ ತೂಬು ಎತ್ತಿದ ಎಂದು ಊರು ಹೇಳಿತು. ನಿಜವೇ ಎಂದು ಕೇಳಿದಳು. ಅವನು ತಲೆ ತಗ್ಗಿಸಿದ, ಅಷ್ಟೆ. ಅವಳು ಉಂಗುರ ಕಿತ್ತೆಸೆದಳು.

ಕೊಳದಾಚೆ ಅವಳ ಅಮ್ಮ ನೆಟ್ಟ ಬಿಳಿ ಗುಲಾಬಿಗಳು ನಾಚಿಕೆಯಿಲ್ಲದೆ ಅರಳಿದ್ದವು.

ಸೈಲಸ್‌ನ ಸಲಿಕೆಗೆ ಏನೋ ತಗುಲಿತು. ಬಗ್ಗಿ ನೋಡಿದ. ನೋಡಿದವನು ಅದನ್ನು ಬೂಟಿನಿಂದ ಮತ್ತೆ ಕೆಸರಿಗೆ ಒತ್ತಿದ.

"ಏನದು?"

"ಏನಿಲ್ಲ. ಹಳೇ ಕಬ್ಬಿಣ."

"ತೋರ್ಸು."

ಅವನು ಅಲುಗಲಿಲ್ಲ. ಅವಳೇ ಇಳಿದಳು, ಕೆಸರಿಗೆ ಕೈ ಹಾಕಿ ಎಳೆದಳು.

ತೂಬು ತಿರುಗಿಸುವ ಹಿಡಿ. ಅದಕ್ಕೆ ಹಸಿರು ಮಫ್ಲರ್ ಗಂಟು ಹಾಕಿತ್ತು... ಅವಳೇ ಹೆಣೆದು ಪಿಯರ್ಸ್‌ಗೆ ಕೊಟ್ಟದ್ದು.

ತೂಬು ಎತ್ತುವವನು ಹಿಡಿಯನ್ನು ತನ್ನ ಮೈಗೆ ಕಟ್ಟಿಕೊಳ್ಳಬೇಕು. ಹಿಡಿ ನೀರಿಗೆ ಬಿದ್ದುಹೋದರೆ ತೂಬನ್ನು ಮತ್ತೆ ಇಳಿಸುವಂತಿಲ್ಲ. ಹಿಟ್ಟು ಬೀಸುತ್ತಿದ್ದ ಕಾಲದಿಂದ ಇಲ್ಲಿನ ಪದ್ಧತಿ ಅದು.

ಹಾಗಾದರೆ ಎತ್ತಿದ್ದು... ಪಿಯರ್ಸ್?

"ನೀನಲ್ಲ," ಎಂದಳು. "ಯಾಕೆ ಸುಮ್ನಿದ್ದೆ, ಸೈಲಸ್?"

"ಮನೆಗೆ ಹೋಗು, ಮೆರಿ."

"ಯಾಕೆ ಅಂತ ಕೇಳ್ತಿದೀನಿ."

ಅವನ ಕಣ್ಣು ತಡೆಯಲಾರದೆ ಗುಲಾಬಿಗಳ ಕಡೆ ಹೊರಳಿತು. ಅವಳೂ ಅತ್ತ ನೋಡಿದಳು.

ಆಗ ತನ್ನದೇ ದನಿ ಅವಳಿಗೆ ಕೇಳಿಸಿತು. ಆ ಸಂಜೆ ಫೋನಿನಲ್ಲಿ ಪಿಯರ್ಸ್‌ಗೆ ನಗುತ್ತಲೇ ಹೇಳಿದ್ದು. 'ಅಮ್ಮನ ಗುಲಾಬಿ ಮುಳುಗಿದ್ರೆ ನಿನ್ನ ಮುಖ ನೋಡಲ್ಲ ಕಣೋ. ಏನಾದ್ರೂ ಮಾಡು.'

"ನಾನು... ನಾನೇ ಅವನನ್ನ..."

"ನಿನ್ನ ಫೋನಿನ ವಿಷಯ ಹೇಳಿದ. ಹಗ್ಗ ತರೋವರ್ಗೂ ಇರು ಅಂದಿದ್ದೆ. ಕಾಯ್ಲಿಲ್ಲ ಅವನು."

"ಊರೆಲ್ಲ ನಿನ್ನನ್ನ ಕೊಲೆಗಾರ ಅಂತು. ನಾನೂ ಅಂದೆ."

"ನನ್ನನ್ನ ದ್ವೇಷಿಸಿ ನೀನು ಬದುಕ್ತೀಯ ಅಂತ ಗೊತ್ತಿತ್ತು. ನಿನ್ನನ್ನೇ ದ್ವೇಷಿಸ್ಕೊಂಡ್ರೆ... ಬದುಕ್ತೀಯೋ ಇಲ್ವೋ, ಗೊತ್ತಿರ್ಲಿಲ್ಲ."

ಅವಳು ಕೆಸರಿನಲ್ಲೇ ಕುಸಿದು ಕೂತಳು. ಅಳು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದೇನೋ ಎದೆಯೊಳಗೆ ತಿರುಗುತ್ತಿತ್ತು, ಕಾಳಿಲ್ಲದೆ ತಿರುಗುವ ಬೀಸುಕಲ್ಲಿನಂತೆ.

"ಮಣ್ಣಿನ ಲಾರಿ ಬಂತು, ಮೇಡಂ," ಡಾಗೆಟ್ ದೂರದಿಂದ ಅಳುಕುತ್ತ ಕೂಗಿದ.

"ವಾಪಸ್ ಕಳ್ಸಿ."

ಸೈಲಸ್ ಪಕ್ಕದಲ್ಲಿ ಕೂತ.

"ಆ ಗಿಡಗಳನ್ನ ಕಿತ್ತು ಬಿಸಾಕು," ಎಂದಳು.

"ಆಗಲ್ಲ. ಅವನು ತೂಬು ಎತ್ತಿ ಉಳಿಸಿದ್ದು ಅವು."

ಹಿಡಿಯಿಂದ ಮಫ್ಲರಿನ ಗಂಟು ಬಿಚ್ಚುತ್ತ ಅವಳು ಕೇಳಿದಳು, "ನನ್ನ ಮೇಲೆ ಇನ್ನೂ... ಪ್ರೀತಿ ಇದೆಯಾ?"

"ಕೂಲಿ ಮಾಡೋಕೆ ಬೇರೆ ಕೊಳ ಸಿಕ್ತಿರ್ಲಿಲ್ವಾ ನಂಗೆ?"

ಆಗ ಅವಳಿಗೆ ಅಳು ಬಂತು. ಮಫ್ಲರನ್ನು ಎದೆಗೊತ್ತಿಕೊಂಡು ಎದ್ದಳು, ಅವನ ಕೈ ಹಿಡಿದೇ ದಂಡೆ ಹತ್ತಿದಳು. ಅಡುಗೆಮನೆಯ ಮೆಟ್ಟಿಲ ಬಳಿ ಅವನು ತಡೆದು ನಿಂತ.

"ಬೂಟು... ಎಲ್ಲಾ ಆ ಕೊಳದ ಕೆಸರು."

"ಇರ್ಲಿ," ಎಂದಳು ಮೆರಿಯಲ್. "ಹಾಗೇ ಬಾ."