ಬಿಳಿಯ ಸಂದು

ಬಹಳ ಹಿಂದಿನ ಮಾತು. ಚೌಕಳಿ ಎಂಬ ರಾಜ್ಯವೊಂದಿತ್ತು. ಅದು ಇದ್ದದ್ದು ನೆಲದ ಮೇಲಲ್ಲ, ಹಾಳೆಗಳ ಮೇಲೆ. ಒಂದೊಂದು ಹಾಳೆಯೂ ಹೊಲದಷ್ಟು ಅಗಲ. ಹಾಳೆಯ ತುಂಬ ಚಿತ್ರದ ಚೌಕಗಳು, ಚೌಕಗಳೊಳಗೆ ಜನ. ಚೌಕಕ್ಕೂ ಚೌಕಕ್ಕೂ ನಡುವೆ ಬಿಳಿಯ ಸಂದು. ಒಂದು ಚೌಕದಲ್ಲಿ ಕೈಯೆತ್ತಿದ ವೀರ ಸಂದಿನಾಚೆ ಮುಂದಿನ ಚೌಕದಲ್ಲಿ ಹೊಡೆದಿರುತ್ತಿದ್ದ. ಹಾರುವ ವೀರರಿದ್ದರು, ಬೆಟ್ಟ ಎತ್ತುವ ವೀರರಿದ್ದರು.

ಒಮ್ಮೆ ಮಸಿರಾಯನೆಂಬ ಮಾಂತ್ರಿಕ ಕೊನೆಯ ಹಾಳೆಯ ಸಂದುಗಳಿಗೆಲ್ಲ ಕಪ್ಪು ಮಸಿ ಸುರಿದ. ಅಲ್ಲಿದ್ದವರೆಲ್ಲ ಇದ್ದ ಹಾಗೆಯೇ ನಿಂತುಬಿಟ್ಟರು. ಆ ಹೊತ್ತಿಗೆ ಕುಸುಮೆ ಎಂಬ ಹುಡುಗಿ ಗೋಪುರದಿಂದ ಬೀಳುತ್ತಿದ್ದಳು. ಅವಳು ನೆಲದ ಊರಿನವಳು, ವೀರರನ್ನು ನೋಡಲು ಹೋದವಳು. ಸುದ್ದಿ ತಿಳಿದು ಅವಳ ತಾಯಿ ಸಿಂಗಾರಿ ಚೌಕಳಿಯ ಬಾಗಿಲಿಗೆ ಬಂದಳು. ಸಿಂಗಾರಿ ನೇಯುವವಳು. ಮಗಳ ಲಂಗಕ್ಕೆಂದು ನೇಯ್ದ ಬಿಳಿ ಬಟ್ಟೆ ಅವಳ ಹೆಗಲ ಮೇಲಿತ್ತು.

ಬಾಗಿಲಲ್ಲಿ ದ್ಯಾವಕ್ಕನೆಂಬ ಮುದುಕಿ ಕಾವಲಿದ್ದಳು.

"ಮೊದಲನೇ ಹಾಳೆಯಿಂದ ಹೊರಡಲೇ, ಅಜ್ಜಿ?" ಎಂದು ಸಿಂಗಾರಿ ಕೇಳಿದಳು.

"ಮೊದಲನೆಯದು ಎಲ್ಲಿದೆಯೋ ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಹೊಸಬರೆಲ್ಲ ಅದನ್ನೇ ಹುಡುಕಿ ದಾರಿ ತಪ್ಪುತ್ತಾರೆ. ನಿನಗೆ ಬೇಕಾದವರು ಇರುವ ಹಾಳೆಗೆ ಎರಡು ಹಾಳೆ ಹಿಂದಿನಿಂದ ಹೊರಡು, ಸಾಕು. ಎಡದಿಂದ ಬಲಕ್ಕೆ ನಡೆ. ಜನರ ತಲೆಯ ಮೇಲೆ ಏನಿದೆ ನೋಡು. ಸಂದಿನಲ್ಲಿ ನಡೆಯುವುದನ್ನು ಯಾರೂ ಬರೆದಿರುವುದಿಲ್ಲ, ನೋಡುವವರೇ ನಡೆಸಬೇಕು. ಚೌಕದಲ್ಲಿ ಹುಟ್ಟಿದವರು ಸಂದಿಗೆ ಕಾಲಿಡಲಾರರು. ನೀನು ಇಡಬಹುದು."

"ಬಿದ್ದವರು ಇಲ್ಲಿ ಸಾಯುತ್ತಾರೆಯೇ?"

"ವೀರರು ಸತ್ತರೆ ನಾಲ್ಕು ಹಾಳೆ ಬಿಟ್ಟು ಎದ್ದು ಬರುತ್ತಾರೆ, ಅದಕ್ಕೆ ಅಳಬೇಡ. ಉಳಿದವರು ಸತ್ತರೆ ಬರುವುದಿಲ್ಲ."

ಸಿಂಗಾರಿ ಎರಡು ಹಾಳೆ ಹಿಂದಿನಿಂದ ಹೊರಟು, ಅಲ್ಲಿನ ಮೊದಲ ಸಾಲನ್ನು ಎಡದಿಂದ ಬಲಕ್ಕೆ ನಡೆದಳು. ಸಾಲಿನ ಕೊನೆಗೆ ಬಂದು, ಮಗ್ಗದಲ್ಲಿ ಲಾಳಿ ಮರಳುವ ಹಾಗೆ, ಎರಡನೇ ಸಾಲನ್ನು ಬಲದಿಂದಲೇ ಹಿಡಿದಳು. ಅದು ಅವಳ ಕೈಯ ರೂಢಿ. ಆ ಸಾಲಿನ ಬಲತುದಿಯ ಚೌಕದಲ್ಲಿ ಒಂದು ಮಾಯಾಹುಲಿ ಕಟ್ಟಿಹಾಕಿಸಿಕೊಂಡು ಮಲಗಿತ್ತು. ಅವಳು ಹಿಂದಕ್ಕೆ ನಡೆದಂತೆ ಹುಲಿಯ ಹಗ್ಗ ಬಿಚ್ಚಿತು, ಇನ್ನೊಂದು ಚೌಕದಲ್ಲಿ ಅದು ಎದ್ದು ಬಾಯಿ ತೆರೆಯಿತು. ಸಿಂಗಾರಿ ಓಡಿಹೋಗಿ ಸಾಲಿನ ಎಡತುದಿ ಸೇರಿ, ಅಲ್ಲಿಂದ ಸರಿಯಾಗಿ ನಡೆದು ಬಂದಳು. ಹುಲಿ ಎದ್ದಿತು, ಬಾಯಿ ತೆರೆಯಿತು, ಮೈಮೇಲೆ ಹಗ್ಗ ಬಿತ್ತು, ಮಲಗಿತು.

ಎರಡನೇ ಹಾಳೆಯಲ್ಲಿ ಇಬ್ಬರು ಸಿಕ್ಕಿದರು. ಒಬ್ಬ ರೇಷ್ಮೆ ಅಂಗಿಯವನು, ಒಬ್ಬ ಬಳೆಗಾರ. ಮಾತಾಡಿದಾಗ ಅವರ ತಲೆಯ ಮೇಲೆ ದುಂಡು ಗುಳ್ಳೆಯಲ್ಲಿ ಅಕ್ಷರ ಮೂಡುತ್ತಿತ್ತು.

"ಬಾ ತಂಗಿ, ಈ ಕಡೆ ದಾರಿ ಸಲೀಸು," ಎಂದ ರೇಷ್ಮೆಯವನು. ಅವನ ಗುಳ್ಳೆಯ ಪಕ್ಕದಲ್ಲೊಂದು ಮೋಡವಿತ್ತು. ಮೋಡದಲ್ಲಿ 'ಬಾವಿಗೆ ಬೀಳಲಿ' ಎಂದಿತ್ತು. ಗುಳ್ಳೆ ಬಾಯಿಯದು, ಮೋಡ ಮನಸ್ಸಿನದು ಎಂದು ಸಿಂಗಾರಿ ಅರಿತಳು.

"ನಾನು ಬಳೆಯಣ್ಣನ ಜೊತೆ ಹೋಗುತ್ತೇನೆ," ಎಂದಳು. ಬಳೆಗಾರನ ಮೋಡದಲ್ಲಿ 'ನನ್ನ ತಮ್ಮ ಗಾಳಿವೀರ ಆ ಮಗುವನ್ನು ಹಿಡಿಯಲು ಹಾರಿದವನು ಹಾಗೇ ನಿಂತಿದ್ದಾನೆ' ಎಂದಿತ್ತು. ಅವನ ಪೇಟದಡಿಯಿಂದ ನೀಲಿ ಮುಖವಾಡದ ಅಂಚು ಕಾಣುತ್ತಿತ್ತು.

"ನೀನೂ ವೀರನೇ ಅಲ್ಲವೇ, ಅಣ್ಣ? ಪೇಟ ಸುತ್ತಿದ ಮಾತ್ರಕ್ಕೆ ಊರಿನವರಿಗೆ ಗುರುತು ಸಿಗುವುದಿಲ್ಲವೇ?"

"ಇಲ್ಲಿ ಸಿಗುವುದಿಲ್ಲ. ಯಾಕೆ ಅಂತ ಕೇಳಬಾರದು," ಎಂದು ಬಳೆಗಾರ ದಾರಿ ತೋರಿಸಿದ.

ಮೂರನೆಯದು ಮಸಿಯ ಹಾಳೆ. ಕುಸುಮೆ ತಲೆಕೆಳಗಾಗಿ ಗಾಳಿಯಲ್ಲಿ ನಿಂತಿದ್ದಳು. ಗಾಳಿವೀರನ ಕೈ ಅವಳಿಂದ ಒಂದು ಮಾರು ದೂರವಿತ್ತು. ಸಂದಿನಲ್ಲಿ ಮಸಿರಾಯ ಕುಳಿತಿದ್ದ. ಅವನೂ ಹೊರಗಿನಿಂದ ಬಂದವನೇ.

"ಒರೆಸಬೇಡವ್ವ," ಎಂದ. "ಮುಂದಿನ ಚೌಕದಲ್ಲಿ ಏನಿದೆಯೋ ನನಗೂ ಗೊತ್ತಿಲ್ಲ. ಈಗ ನಿನ್ನ ಮಗಳು ಬಿದ್ದಿಲ್ಲ. ಹೀಗೇ ಇದ್ದರೆ ಬೀಳುವುದೂ ಇಲ್ಲ. ಕೂತು ನೋಡುತ್ತಿರು. ನಾನು ನೋಡುತ್ತಿಲ್ಲವೇ?"

ಅವನೆದುರಿನ ಚೌಕದಲ್ಲಿ, ಅವನ ಹಾಗೆಯೇ ಹೊರಗಿನಿಂದ ಬಂದ ಒಬ್ಬ ಮುದುಕಿ ಮಂಚದ ಮೇಲೆ ಮಲಗಿ, ಯಾರದೋ ತಲೆ ಸವರುವಂತೆ ಕೈ ಚಾಚಿದ್ದಳು. ಮಸಿರಾಯನ ಮೋಡದಲ್ಲಿ 'ಅವ್ವ' ಎಂದಷ್ಟೇ ಇತ್ತು.

"ನಿಮ್ಮ ಅವ್ವ ನಿನ್ನ ಹತ್ತಿರ ಮಾತಾಡಿ ಎಷ್ಟು ಕಾಲವಾಯಿತು?" ಎಂದು ಸಿಂಗಾರಿ ಕೇಳಿದಳು.

ಅವನ ತಲೆಯ ಮೇಲೆ ಗುಳ್ಳೆ ಮೂಡಿತು. ಅದರಲ್ಲಿ ಏನೂ ಇರಲಿಲ್ಲ.

ಸಿಂಗಾರಿ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಲಂಗದ ಬಟ್ಟೆಯಿಂದ ಮಸಿ ಒರೆಸಿದಳು. ಸಂದು ಬೆಳ್ಳಗಾಯಿತು. ಅವಳು ಅದರಲ್ಲಿ ನಿಂತು, ಆ ಒಂದು ಮಾರನ್ನು ಮನಸ್ಸಿನಲ್ಲಿ ಗೇಣುಗೇಣಾಗಿ ನಡೆಸಿದಳು.

ಮುಂದಿನ ಚೌಕದಲ್ಲಿ ಕುಸುಮೆ ಗಾಳಿವೀರನ ತೋಳಿನಲ್ಲಿದ್ದಳು.

"ನನಗೆ ಎಟುಕುವ ಹಾಗಿರಲಿಲ್ಲ," ಎಂದ ಗಾಳಿವೀರ. "ಹಿಂದಿನಿಂದ ಯಾರೋ ನೂಕಿದರು."

ಮಸಿರಾಯ ಕೈ ಚಾಚಿದ. ಸಿಂಗಾರಿ ಬಟ್ಟೆ ಕೊಟ್ಟಳು. ಉಳಿದ ಮಸಿಯನ್ನೆಲ್ಲ ಅವನೇ ಒರೆಸಿ, ಕೊನೆಗೆ ಅವ್ವನ ಪಕ್ಕದ ಸಂದನ್ನೂ ಒರೆಸಿ, ಚೌಕದೊಳಗೆ ಹೋಗಿ ಮಂಚದ ಬಳಿ ಕುಳಿತ. ಅವ್ವನ ಕೈ ಅವನ ತಲೆಯ ಮೇಲೆ ಬಂತು. "ಉಂಡೆಯೇನೋ?" ಎಂದು ಗುಳ್ಳೆಯಲ್ಲಿ ಮೂಡಿತು. ಅವನು "ಉಂಡೆ, ಅವ್ವ," ಎಂದ. ಅದರ ಮುಂದಿನ ಚೌಕದಲ್ಲಿ ಮಂಚ ಖಾಲಿಯಿತ್ತು. ಅವನ ಮಾಟವೂ ಅಲ್ಲಿಗೆ ತೀರಿತು.

ವೀರರು ಹಾರಿದರು, ಬಳೆಗಾರ ಬಳೆ ಮಾರಿದ, ಕುಸುಮೆ ತಾಯಿಯೊಡನೆ ಊರಿಗೆ ಮರಳಿ, ಮಸಿಯ ಕಲೆಯಿದ್ದ ಲಂಗವನ್ನೇ ಉಟ್ಟು ಬೆಳೆದಳು. ಚೌಕಳಿಯಲ್ಲಿ ಎಲ್ಲರೂ ಸುಖವಾಗಿದ್ದರು. ದ್ಯಾವಕ್ಕನ ಕಾಲ ಮುಗಿದ ಮೇಲೆ ಬಾಗಿಲ ಕಾವಲಿಗೆ ಮಸಿರಾಯನೇ ಕುಳಿತ. ಬಂದ ಹೊಸಬರಿಗೆ ಅವನು ಎಡ ಯಾವುದು, ಬಲ ಯಾವುದು, ಗುಳ್ಳೆ ಯಾವುದು, ಮೋಡ ಯಾವುದು ಎಂದು ತಾಳ್ಮೆಯಿಂದ ಹೇಳಿಕೊಡುತ್ತಾನೆ. ಕೊನೆಯಲ್ಲಿ, "ಸಂದಿನಲ್ಲಿ ಕೂರಬೇಡಿ," ಎನ್ನುತ್ತಾನೆ. "ದಾಟಿ ಹೋಗಿ."