ತೆಗೆಯದೆ ಬಿಟ್ಟ ಫೋಟೋ

"ಆ ಗ್ರೂಪಿನ ಅಡ್ಮಿನ್ ನೀವೇನಾ?"

ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದವನು ತಲೆ ಎತ್ತಿದೆ. ಎಂಟೂ ಇಪ್ಪತ್ತರ ಬಸ್ಸಿನ ನರ್ಸ್! ಆರು ತಿಂಗಳಿಂದ ಅವಳಿಗಿಂತ ಎರಡು ಸೀಟು ಹಿಂದೆ ಕೂತು, ಕಿಟಕಿಗೆ ತಲೆಯಾನಿಸಿ ತೂಕಡಿಸುವ ಅವಳನ್ನು ಕದ್ದು ನೋಡುತ್ತಿದ್ದೆ. ಅವಳು ಎಚ್ಚರಾಗಿ ತಿರುಗಿ, ತುಟಿಯಂಚಿನಲ್ಲಿ ನಕ್ಕ ದಿನ ನನ್ನ ಕಣ್ಣಿಗೆ ಒಂದು ಅಕ್ಷರದೋಷವೂ ಬೀಳುತ್ತಿರಲಿಲ್ಲ.

ಇಂದು ಆ ನಗುವಿರಲಿಲ್ಲ. ಫೋನ್ ಮುಂದೆ ಹಿಡಿದಳು. ಆಸ್ಪತ್ರೆಯ ಗೇಟಿನಲ್ಲಿ ಮಗುವನ್ನು ಎದೆಗವಚಿಕೊಂಡು ಅವಳು ಓಡುತ್ತಿರುವ ಫೋಟೋ. ಕೆಳಗೆ: 'ಮಕ್ಕಳ ಕಳ್ಳಿ. ಎಲ್ಲರಿಗೂ ಕಳಿಸಿ.'

"ಮಗೂಗೆ ಉಸಿರು ಕಟ್ತಿತ್ತು. ದೊಡ್ಡಾಸ್ಪತ್ರೆಗೆ ಕಳಿಸ್ಬೇಕಿತ್ತು, ಆಂಬುಲೆನ್ಸಿಗೆ ಎತ್ಕೊಂಡು ಓಡ್ತಿದ್ದೆ. ಅದರಮ್ಮ ನನ್ನ ಹಿಂದೇನೇ ಇದ್ರು, ಫೋಟೋದಲ್ಲಿ ಅವರನ್ನೇ ಮಾಯ ಮಾಡಿದಾರೆ. ತೆಗೀರಿ, ಪ್ಲೀಸ್."

ಊರಿನ ಸುದ್ದಿಗೆಂದು ನಾನು ಫೇಸ್‌ಬುಕ್ಕಿನಲ್ಲಿ ನಡೆಸುವ, ನಲವತ್ತು ಸಾವಿರ ಜನರ ಗ್ರೂಪು. ಯಾರು ಹೆದರಿಸಿದರೂ ಯಾವ ಪೋಸ್ಟನ್ನೂ ಅಳಿಸಿದವನಲ್ಲ ಎಂಬುದೇ ನನ್ನ ಹೆಮ್ಮೆ.

"ಯಾರ ಬಾಯಿಗೂ ನಾನು ಬೀಗ ಹಾಕಲ್ಲ. ನಿಮ್ಮ ಉತ್ತರ ಬರ್ಕೊಡಿ, ಎಲ್ಲಕ್ಕಿಂತ ಮೇಲೆ ಹಾಕ್ತೀನಿ. ಒಂದು ತಪ್ಪೂ ಇಲ್ದಂಗೆ ತಿದ್ಕೊಡ್ತೀನಿ."

"ಸ್ಪೆಲ್ಲಿಂಗ್ ಸರಿಯಿದ್ರೆ ಏಟು ಮೆತ್ತಗೆ ಬೀಳತ್ತಾ?"

ಇಬ್ಬರೂ ನಕ್ಕೆವು. ಅವಳ ನಗು ಬೇಗ ಆರಿತು. ಮೇಜಿನಂಚಿನಲ್ಲಿ ಕೂತು ಎಂಟು ಸಾಲು ಬರೆದುಕೊಟ್ಟಳು.

ಸಂಜೆ ಬಸ್ಸಿನಲ್ಲಿ ಮೊದಲ ಸಲ ಪಕ್ಕಪಕ್ಕ ಕೂತೆವು. ಅವಳ ಭುಜ ನನ್ನ ತೋಳಿಗೆ ತಾಗುತ್ತಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಒಂದು ಫೋನ್ ನಮ್ಮತ್ತ ಎದ್ದಿತು. ಆಮೇಲೆ ಇನ್ನೊಂದು.

ಗ್ರೂಪು ತೆರೆದೆ. ಅವಳ ಉತ್ತರ ನೋಡಿದವರು ಹನ್ನೊಂದು ಮಂದಿ. ಫೋಟೋ ನೋಡಿದವರು ಒಂಬತ್ತು ಸಾವಿರ. ಅದನ್ನು ಅಳಿಸಿದೆ.

"ತೆಗೆದೆ."

"ಬೇರೆ ಗ್ರೂಪಲ್ಲಿರೋದು?"

ಅಷ್ಟರಲ್ಲಿ ಅವಳು ಇಳಿಯುವ ಜಾಗ ಬಂತು; ಅವಳ ಹಿಂದೆಯೇ ನಾನೂ ಇಳಿದೆ.

ಸ್ಟಾಪಿನಲ್ಲಿ ಏಳೆಂಟು ಗಂಡಸರು ಕಾಯುತ್ತಿದ್ದರು. "ಇವಳೇ ಅಲ್ವೇನೋ?"

ಅಡ್ಡ ನಿಂತೆ. "ಅದು ಸುಳ್ಳು ಕಣ್ರೀ! ಆ ಗ್ರೂಪಿನ ಅಡ್ಮಿನ್ ನಾನೇ ಹೇಳ್ತಿದೀನಿ."

"ಇಷ್ಟೊತ್ತು ಬಿಟ್ಕೊಂಡು ಈಗ ಸುಳ್ಳು ಅಂತೀಯಾ? ಇವಳು ನಿಂಗೇನಾಗ್ಬೇಕು?"

"ನಾನು ಮದ್ವೆ ಆಗೋಳು."

ಮೊದಲ ಏಟು ಕಿವಿಯ ಮೇಲೆ ಬಿತ್ತು. ಡ್ರೈವರ್ ಇಳಿದುಬಂದು ಇಬ್ಬರನ್ನೂ ಒಳಗೆಳೆದು, ಬಾಗಿಲು ಹಾಕಿ, ಬಸ್ಸು ಓಡಿಸದಿದ್ದರೆ ಇದನ್ನು ಹೇಳಲು ನಾನಿರುತ್ತಿರಲಿಲ್ಲ.

ಮರುದಿನ ಅವಳನ್ನು ತಮ್ಮೂರಿಗೆ ಕರೆದೊಯ್ಯಲು ಅವಳ ಅಕ್ಕನ ಗಂಡ ಕಾರು ತಂದಿದ್ದರು. ಸದ್ಯಕ್ಕೆ ಕೆಲಸಕ್ಕೆ ಬರಬೇಡ ಎಂದಿತ್ತಂತೆ ಆಸ್ಪತ್ರೆ. ತನ್ನ ಮನೆಯ ಮೆಟ್ಟಿಲ ಮೇಲೆ ನಿಂತು ನನ್ನ ಕಿವಿಯ ಹೊಲಿಗೆ ಮುಟ್ಟಿ ನೋಡಿದಳು.

"ನಾನಾಗಿದ್ರೆ ಇನ್ನೂ ನೀಟಾಗಿ ಹಾಕ್ತಿದ್ದೆ." ಸ್ವಲ್ಪ ತಡೆದು, "ನಿನ್ನೆ ಅಂದಿದ್ದು, ಗಾಬರೀಲಾ?" ಎಂದಳು.

"ಅಲ್ಲ. ಆರು ತಿಂಗಳಿಂದ ಹೇಳೋಕೆ ಧೈರ್ಯ ಇರ್ಲಿಲ್ಲ."

"ನಂಗೂ ಇಷ್ಟ ಇತ್ತು." ಅವಳ ಕಣ್ಣು ತುಂಬಿತು. "ಆದ್ರೆ ಪ್ರೆಸ್ಸಲ್ಲಿ ನೀವು ನನ್ನ ಮಾತು ನಂಬಿದ್ರಿ. ನಂಬಿಯೂ ತೆಗೀಲಿಲ್ಲ. ಏಟಿಗಿಂತ ಅದು ಜಾಸ್ತಿ ನೋಯ್ತಿದೆ."

ಭಾವ ಹಾರನ್ ಮಾಡಿದರು. ಅವಳು ಹಿಂದಿನ ಸೀಟಿನಲ್ಲಿ ಕೂತು, ಯಾರಿಗೂ ಗುರುತು ಸಿಗದಂತೆ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡಳು. ಕಣ್ಣೆರಡೇ ಉಳಿದವು. ಕಾರು ತಿರುವು ದಾಟುವವರೆಗೂ ಅವು ನನ್ನನ್ನೇ ನೋಡುತ್ತಿದ್ದವು.